ಹಳ್ಳ ಏರುವ ಮುಂಚಿನ ಅರ್ಧ ತಾಸು

ಭರಣಿ ಮಳೆಯಿಂದ ರೋಹಿಣಿ ಮಳೆಯ ತನಕ ಈ ಸಲ ಹತ್ತೋ ಹನ್ನೊಂದೋ ಬಾರಿ ನಮ್ಮ ಸೊಸೈಟಿ ಪಕ್ಕದ ಹಳ್ಳ ಏರುವ ಮುಂಚೆ ಎಚ್ಚರಿಸಲೆಂದು ನಾನು ಕಟ್ಟಿದ ಹೂಟರ್ ಕೂಗಿತು. ಅದರಲ್ಲಿ ಎಂಟು ಸಲ ಹಳ್ಳ ನಿಜವಾಗಿ ಏರಿತು, ಮೂರು ಸಲ ನೀರು ಬೇಸ್‌ಮೆಂಟಿನ ಇಳಿಜಾರಿನವರೆಗೆ ಬಂತು. ಆ ಮೂರೂ ಸಲ ಒಳಗೆ ಒಂದು ಕಾರೂ ಇರಲಿಲ್ಲ, ಮೀಟರ್ ಪ್ಯಾನಲ್ ಆಫ್ ಆಗಿತ್ತು. "ಫೋನಿನೊಳಗ ಎಲ್ಲಾ ಬರ್ತದಲ್ರೀ, ಇದ್ಯಾಕ ಬೇಕು" ಎಂದಿದ್ದ ಸೊಸೈಟಿ ಕಮಿಟಿಯವರೇ ಈಗ ಎರಡನೇ ಮಳೆಮಾಪಕಕ್ಕೆ ದುಡ್ಡು ಮಂಜೂರು ಮಾಡಿದ್ದಾರೆ. ಪುಣೆಯಲ್ಲಿ ಇದೇ ಹುಚ್ಚು ಹಚ್ಚಿಕೊಂಡ ಕನ್ನಡದವರು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಬೋರ್ಡಿಗೆ ಪ್ರೋಗ್ರಾಂ ಹಾಕುವುದು, ಬೆಸುಗೆ ಹಾಕುವುದು ನಿಮಗೆ ಗೊತ್ತಿದೆ ಎಂದೇ ಇಟ್ಟುಕೊಳ್ಳುತ್ತೇನೆ.

ಜಾಗ: ಪುಣೆಯ ದಕ್ಷಿಣಕ್ಕಿರುವ ಕಾತ್ರಜ್ ಗುಡ್ಡದ ಕಡೆಯಿಂದ ಇಳಿದು ಊರೊಳಗಿನ ದೊಡ್ಡ ಹಳ್ಳ ಅಂಬಿಲ್ ಓಢಾಕ್ಕೆ ಸೇರುವ ಸಣ್ಣದೊಂದು ಹಳ್ಳ. ಅಂಬಿಲ್ ಓಢಾ ಎಂದರೆ 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಎಲ್ಲರಿಗೂ ನೆನಪಾಗುತ್ತದೆ. ಒಂದೇ ರಾತ್ರಿಯ ಗುಡುಗು ಮಳೆ ಕಾತ್ರಜ್‌ನಿಂದ ದಾಂಡೇಕರ್ ಪೂಲ್‌ವರೆಗೆ ಗೋಡೆ, ಮನೆ, ಗಾಡಿ, ಜೀವ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ನಮ್ಮ ಹಳ್ಳಕ್ಕೆ ನೀರು ಬರುವ ಪ್ರದೇಶ ಎರಡು ಚದರ ಕಿ.ಮೀ. ಆಸುಪಾಸು, ಕೆಳಗೆ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಮೋರಿ. ತಾಸಿಗೆ 50 ಮಿ.ಮೀ. ವೇಗದಲ್ಲಿ ಮಳೆ ಹೊಡೆದು ನೂರರಲ್ಲಿ ಎಪ್ಪತ್ತು ಪಾಲು ಹರಿದು ಬಂದರೆ ಸೆಕೆಂಡಿಗೆ 19 ಘನ ಮೀಟರ್ ಚಿಲ್ಲರೆ. ಮೋರಿ ಸ್ವಚ್ಛ ಇದ್ದರೂ ಅದಕ್ಕೆ ಅಷ್ಟೇ ತಾಕತ್ತು. ಕಸ ಸಿಕ್ಕಿಕೊಂಡರೆ ಮುಗಿಯಿತು.

ಫೋನಿನ ಮುನ್ಸೂಚನೆಯನ್ನು ನಾನು ಹಳಿಯುವುದಿಲ್ಲ. ಹವಾಮಾನ ಇಲಾಖೆಯ ನೌಕಾಸ್ಟ್ (ತಕ್ಷಣದ ಮುನ್ಸೂಚನೆ) ಮುಂದಿನ ಮೂರು ತಾಸಿಗೆ, ಹೆಚ್ಚಾಗಿ ಜಿಲ್ಲೆಯ ಮಟ್ಟದ್ದು. ಪುಣೆ ಜಿಲ್ಲೆ ಲೋಣಾವಳದಿಂದ ಇಂದಾಪುರದವರೆಗೆ 15,600 ಚದರ ಕಿ.ಮೀ. ಇದೆ. ದೂರದ ಪೂರ್ವದ ದೌಂಡ್ ಮೇಲೆ ಮೋಡ ಕಟ್ಟಿದರೂ ಹಳದಿ ಎಚ್ಚರಿಕೆ, ನಮ್ಮ ನೆತ್ತಿಯ ಮೇಲೆ ಕಟ್ಟಿದರೂ ಹಳದಿ. ಮಳೆಯ ಲೆಕ್ಕವೂ ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ, 64.5 ಮಿ.ಮೀ. ಮುಟ್ಟಿದರೆ 'ಭಾರಿ ಮಳೆ'. ಜುಲೈನಲ್ಲಿ ದಿನವಿಡೀ ಜಿಟಿಜಿಟಿ ಸುರಿದ 65 ಮಿ.ಮೀ. ನಮ್ಮ ಹಳ್ಳಕ್ಕೆ ತಾಗುವುದೇ ಇಲ್ಲ. ಮೇ ತಿಂಗಳಲ್ಲಿ 40 ನಿಮಿಷಕ್ಕೆ ಬಿದ್ದ 35 ಮಿ.ಮೀ. ಮೋರಿ ತುಂಬಿಸುತ್ತದೆ. ನನಗೆ ಬೇಕಾದದ್ದು ಹತ್ತು ನಿಮಿಷದ ಲೆಕ್ಕ, ಅದೂ ಗುಡ್ಡದ ಮೇಲಿನದು.

ಮೊದಲು ದಿನವನ್ನು ಗುರುತಿಸುವುದು. ಬೆಳಿಗ್ಗೆ 5:30ಕ್ಕೆ ಮುಂಬಯಿಯ ಸಾಂತಾಕ್ರೂಜ್ ಮತ್ತು ಗೋವಾದಿಂದ ಬಿಡುವ ಹವಾಮಾನ ಬಲೂನುಗಳ ವರದಿ ನೋಡುತ್ತೇನೆ. ಅವೆರಡೂ ಕರಾವಳಿಯವು, ಪುಣೆ 560 ಮೀಟರ್ ಮೇಲಿದೆ. ಹಾಗಾಗಿ ಅಲ್ಲಿ ಬರೆದ ಕೇಪ್ (ಮೋಡ ಮೇಲೇಳಲು ಗಾಳಿಯಲ್ಲಿರುವ ಶಕ್ತಿ) ಅಂಕಿಯನ್ನು ಹಾಗೇ ತೆಗೆದುಕೊಳ್ಳಬಾರದು. ನೆಲಮಟ್ಟದ ಜಾಗದಲ್ಲಿ ನಮ್ಮೂರಿನ ಮಧ್ಯಾಹ್ನ ಮೂರರ ಅಂದಾಜು ತಾಪಮಾನ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗುವ ತಾಪಮಾನ) ಹಾಕಿ ಮತ್ತೆ ಲೆಕ್ಕ ಮಾಡುತ್ತೇನೆ. 2000 ದಾಟಿದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು ಮಧ್ಯಾಹ್ನ ಎರಡರ ಡ್ಯೂ ಪಾಯಿಂಟ್. ಏಪ್ರಿಲ್‌ನ ಸಾಧಾರಣ ದಿನ ಬೆಳಿಗ್ಗೆ 13–14 ಇದ್ದದ್ದು, ಬಿಸಿಲೇರಿ ಮೇಲಿನ ಒಣ ಗಾಳಿ ಬೆರೆತ ಹಾಗೆ ಎರಡು ಗಂಟೆಗೆ 6–7ಕ್ಕೆ ಬೀಳುತ್ತದೆ. ಮಳೆಯ ದಿನ ಅದು ಬೀಳುವುದಿಲ್ಲ. ಎರಡು ಗಂಟೆಗೂ 17–18ರ ಮೇಲೆಯೇ ನಿಂತಿದ್ದು ತಾಪಮಾನ 38 ದಾಟಿದರೆ, ಸಂಜೆ ಸುತ್ತಮುತ್ತ ಎಲ್ಲೋ ಒಂದು ಕಡೆ ಸಿಡಿಲು ಗ್ಯಾರಂಟಿ. ಎಲ್ಲಿ ಎಂಬುದನ್ನು ಮೇಲಿನ ಗಾಳಿ ಹೇಳುತ್ತದೆ. 700ರಿಂದ 500 ಹೆಕ್ಟೋಪ್ಯಾಸ್ಕಲ್ ಮಟ್ಟದಲ್ಲಿ, ಅಂದರೆ ಸುಮಾರು ಮೂರರಿಂದ ಆರು ಕಿ.ಮೀ. ಎತ್ತರದಲ್ಲಿ, ಮೂಡಣ ಅಥವಾ ಆಗ್ನೇಯ ಗಾಳಿ ಇದ್ದರೆ ಪುರಂದರ, ಸಾಸವಡ ಮೇಲೆ ಕಟ್ಟಿದ ಮೋಡ ನಮ್ಮ ಕಡೆ ಸರಿಯುತ್ತದೆ. ಪಡುವಣ ಇದ್ದರೆ ದೌಂಡ್ ಕಡೆ ಹೋಗುತ್ತದೆ, ನಮಗೆ ದೂಳಷ್ಟೇ. ಗಾಳಿಯ ವೇಗ ಹತ್ತು ನಾಟ್ (ತಾಸಿಗೆ ಸುಮಾರು 18 ಕಿ.ಮೀ.) ಒಳಗಿದ್ದರೆ ಇನ್ನೂ ಹುಷಾರಾಗಿರಬೇಕು. ಓಡುವ ಮೋಡ ಮೂರು ಊರಿಗೆ ಹಂಚುವ ನೀರನ್ನು ನಿಂತ ಮೋಡ ಒಂದೇ ಗುಡ್ಡಕ್ಕೆ ಸುರಿಯುತ್ತದೆ.

ಐದು-ಆರು ಗಂಟೆಗೆ ಘಟ್ಟ ಹತ್ತಿ ಬರುವ ಸಮುದ್ರದ ಗಾಳಿ ಇನ್ನೊಂದು. ಗಾಳಿ ವಾಯವ್ಯಕ್ಕೆ ತಿರುಗಿ ಅರ್ಧ ತಾಸಿನಲ್ಲಿ ಡ್ಯೂ ಪಾಯಿಂಟ್ ಮೂರು-ನಾಲ್ಕು ಡಿಗ್ರಿ ಹಾರುತ್ತದೆ. ಅದೇ ಹೊತ್ತಿಗೆ ಪುರಂದರ ಕಡೆಯ ಮೋಡ ಕುಸಿದು ಅದರ ತಣ್ಣನೆ ಗಾಳಿ ಇತ್ತ ಹರಿದು ಎರಡೂ ಕಾತ್ರಜ್–ಸಿಂಹಗಡ ಸಾಲಿನ ಮೇಲೆ ಕೂಡಿದರೆ, ಇಪ್ಪತ್ತೈದು ನಿಮಿಷದಲ್ಲಿ ಹೊಸ ಮೋಡ ಗೋಪುರದಂತೆ ಎದ್ದುಬಿಡುತ್ತದೆ. ಇದನ್ನು ಮುಂಬಯಿ ರೇಡಾರ್‌ನಲ್ಲಿ ಕಾಯುತ್ತ ಕೂತರೆ ತಡವಾಗುತ್ತದೆ. 120 ಕಿ.ಮೀ. ದೂರ, ನಡುವೆ ಸಹ್ಯಾದ್ರಿ. ಕೆಳಗಿನ ಕಿರಣವೇ ನಮ್ಮಲ್ಲಿಗೆ ಬರುವಾಗ ಎರಡು ಕಿ.ಮೀ. ಎತ್ತರದಲ್ಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಉಪಗ್ರಹ ಚಿತ್ರ ಕೈಗೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹಳೆಯದಾಗಿರುತ್ತದೆ.

ಒತ್ತಡವೂ ಹೇಳುತ್ತದೆ: ತಣ್ಣನೆ ಗಾಳಿ ಮುಟ್ಟುವಾಗ ಒಂದರಿಂದ ಎರಡು ಹೆಕ್ಟೋಪ್ಯಾಸ್ಕಲ್ ಜಿಗಿತ, ಹತ್ತು ನಿಮಿಷದಲ್ಲಿ ಎಂಟು-ಹತ್ತು ಡಿಗ್ರಿ ತಂಪು. ಬರೀ ಒತ್ತಡದ ಅಂಕಿ ನೋಡಿದರೆ ಮೋಸ ಹೋಗುತ್ತೀರಿ. ನಮ್ಮ ಸೀಮೆಯಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ, ಸಂಜೆ ನಾಲ್ಕರ ಸುಮಾರಿಗೆ ತಳ ಮುಟ್ಟಿ ಮತ್ತೆ ಏರುತ್ತದೆ. ಹತ್ತು ನಿಮಿಷದ ವ್ಯತ್ಯಾಸ ಮಾತ್ರ ಹಿಡಿಯಿರಿ.

ಸೆನ್ಸರ್ ಬಗ್ಗೆ ಒಂದು ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ, ತಾಪಮಾನ-ತೇವಾಂಶ-ಒತ್ತಡ ಮೂರನ್ನೂ ಅಳೆಯುವ ಮೂರು ಬಿಎಂಇ280ಗಳಲ್ಲಿ ಎರಡು ಬಿಎಂಪಿ280 ಆಗಿದ್ದವು, ತೇವಾಂಶವೇ ಇಲ್ಲ. ಚಿಪ್ ಐಡಿ ಓದಿಸಿ ನೋಡಿ: 0x60 ಬಂದರೆ ಸರಿ, 0x58 ಬಂದರೆ ವಾಪಸ್ ಕಳಿಸಿ. ಈಗ ಎಸ್‌ಎಚ್‌ಟಿ31 ಹಾಕಿದ್ದೇನೆ, ಕುಂಡದ ಬಿಳಿ ತಟ್ಟೆ ಎಂಟನ್ನು ಒಂದರ ಮೇಲೊಂದು ಪೋಣಿಸಿದ ನೆರಳಿನಲ್ಲಿ. ನೆರಳಿಲ್ಲದಿದ್ದರೆ ಮೇ ಬಿಸಿಲಿಗೆ ನಾಲ್ಕೈದು ಡಿಗ್ರಿ ಹೆಚ್ಚಿಗೆ ತೋರಿಸುತ್ತದೆ.

ಇನ್ನು ಮಳೆಮಾಪಕ. ಟಿಪ್ಪಿಂಗ್ ಬಕೆಟ್ (ತುಂಬಿದಾಗಲೆಲ್ಲ ಮಗುಚಿ ಎಣಿಕೆ ಕೊಡುವ ಪುಟ್ಟ ಬಟ್ಟಲು), 200 ಮಿ.ಮೀ. ವ್ಯಾಸದ ಆಲಿಕೆ, ಒಂದು ಮಗುಚಿಗೆ 0.2 ಮಿ.ಮೀ. ಅಂದರೆ 6.28 ಮಿ.ಲೀ. ಅಂಗಡಿಯಿಂದ ತಂದದ್ದನ್ನು ಹಾಗೇ ನಂಬಬೇಡಿ. ಮೆಡಿಕಲ್ ಅಂಗಡಿಯ ಸಲೈನ್ ಸೆಟ್‌ನಿಂದ 628 ಮಿ.ಲೀ. ನೀರನ್ನು ತಾಸುಗಟ್ಟಲೆ ನಿಧಾನವಾಗಿ ಬಿಡಿ. ಸರಿಯಾಗಿ ನೂರು ಮಗುಚಬೇಕು. ನನ್ನದು ಮೊದಲ ಸಲ 88 ಎಣಿಸಿತು, ತಳದ ಎರಡು ಸ್ಕ್ರೂ ತಿರುಗಿಸಿ 99ಕ್ಕೆ ತಂದೆ. ಜೋರು ಮಳೆಯಲ್ಲಿ ಬಕೆಟ್ ಮಗುಚುವ ಕ್ಷಣದ ನೀರು ಲೆಕ್ಕ ತಪ್ಪುತ್ತದೆ, ತಾಸಿಗೆ 100 ಮಿ.ಮೀ. ವೇಗದಲ್ಲಿ ಐದರಿಂದ ಹತ್ತು ಪ್ರತಿಶತ ಕಡಿಮೆ ಬರುತ್ತದೆ. ಕಂಬ ಉದ್ದವಾದರೆ ಗಾಳಿಗೆ ಅಲುಗಾಡಿ ಸುಳ್ಳು ಮಗುಚು. ಮೊಣಕಾಲೆತ್ತರದ ದಪ್ಪ ಪೈಪು ಸಾಕು.

ಮೊದಲ ವರ್ಷ ಅದನ್ನು ನಮ್ಮ ಟೆರೇಸಿನಲ್ಲೇ ಇಟ್ಟದ್ದು ದೊಡ್ಡ ತಪ್ಪು. ನಮ್ಮಲ್ಲಿ ನಾಲ್ಕು ಹನಿ, ಗುಡ್ಡದ ಮೇಲೆ ಧೋ ಎಂದು ಮಳೆ, ಹಳ್ಳ ಎರಡೂ ದಡ ತುಂಬಿ ಬಂದ ಮೇಲೆ ಮಾಪಕ 2 ಮಿ.ಮೀ. ತೋರಿಸುತ್ತಿತ್ತು. ಎರಡೂವರೆ ಕಿ.ಮೀ. ಮೇಲೆ, ಪರಿಚಿತರೊಬ್ಬರ ಟೆರೇಸಿಗೆ ಒಯ್ದ ಮೇಲೆ ಎಲ್ಲ ಬದಲಾಯಿತು. ಅಲ್ಲಿ ಮಳೆ ಬಿರುಸಾದ ಮೇಲೆ ನಮ್ಮ ಮೋರಿಯಲ್ಲಿ ನೀರು ಏರಲು 25ರಿಂದ 35 ನಿಮಿಷ. ಇಡೀ ವ್ಯವಸ್ಥೆ ನಿಂತಿರುವುದೇ ಆ ಅರ್ಧ ತಾಸಿನ ಮೇಲೆ.

ಎರಡನೇ ತಪ್ಪು ವೈಫೈ. ಮೊದಲ ಸಿಡಿಲಿಗೆ ಕರೆಂಟ್ ಹೋಗುತ್ತದೆ, ರೂಟರ್ ಸಾಯುತ್ತದೆ, ಬೇಕಾದ ಹೊತ್ತಿಗೇ ಸುದ್ದಿ ಇಲ್ಲ. ಈಗ ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ಲೋರಾ ರೇಡಿಯೋ, ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್. ಗಡಿಬಿಡಿಯಲ್ಲಿ 433ರ ಮಾಡ್ಯೂಲ್ ಜೋಡಿ ತಂದು ಸಾವಿರ ರೂಪಾಯಿ ನೀರಿಗೆ ಹಾಕಿದೆ, ನೀವು ಹಾಕಬೇಡಿ. ಆಂಟೆನಾ ಟೆರೇಸಿನ ಅತಿ ಎತ್ತರದ ವಸ್ತು ಆಗಕೂಡದು. ಇಎಸ್‌ಪಿ32 ಬೋರ್ಡು ನಿದ್ದೆಯಲ್ಲೂ ರೆಗ್ಯುಲೇಟರ್ ಮತ್ತು ದೀಪಕ್ಕೆ ಕರೆಂಟು ತಿನ್ನುತ್ತದೆ. ದೀಪ ಕಿತ್ತು, ರೆಗ್ಯುಲೇಟರ್ ಬದಲಿಸಿದ ಮೇಲೆ ಒಂದು 18650 ಸೆಲ್ ಮತ್ತು ಅಂಗೈ ಅಗಲದ ಸೋಲಾರ್ ಪ್ಲೇಟಿನಲ್ಲಿ ಮಳೆಗಾಲವೂ ದಾಟುತ್ತಿದೆ.

ಅತಿ ಹೆಚ್ಚು ಕಾಡಿದ್ದು ನೀರಿನ ಮಟ್ಟ. ಕೆಸರು ಕಟ್ಟಿ ಪ್ರೆಷರ್ ಸೆನ್ಸರ್ ಒಂದು ತಿಂಗಳಲ್ಲಿ ಕೆಟ್ಟಿತು, 3,500 ಹೋಯಿತು. ಕ್ಯಾಮೆರಾ ಇಟ್ಟು ಅಳತೆಪಟ್ಟಿ ಓದಿಸಿದರೆ, ರಾತ್ರಿ ಮಳೆಹನಿಗಳೇ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆದು ಏನೂ ಕಾಣದು. ಕೊನೆಗೆ ನಿಂತದ್ದು ಶಬ್ದ ಕಳಿಸಿ ಪ್ರತಿಧ್ವನಿಯಿಂದ ದೂರ ಅಳೆಯುವ, ಮುನ್ನೂರು ಚಿಲ್ಲರೆಯ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸೋನಿಕ್. ಅದರ ಶಬ್ದದ ಕೋನ ಅಗಲ, ಗೋಡೆಗೆ ಹತ್ತಿರ ಇಟ್ಟರೆ ಗೋಡೆಯನ್ನೇ ಅಳೆಯುತ್ತದೆ. ಹಳ್ಳದ ಪಕ್ಕದ ನಮ್ಮ ಕಾಂಪೌಂಡಿನಿಂದ ಕಬ್ಬಿಣದ ಆ್ಯಂಗಲ್ ಅನ್ನು ಒಂದು ಮೀಟರಿನಷ್ಟು ಹೊರಚಾಚಿ ತೂಗಿಸಿದ್ದೇನೆ. 20ರಿಂದ 35 ಡಿಗ್ರಿಗೆ ಹೋದರೆ ಶಬ್ದದ ವೇಗ ಎರಡೂವರೆ ಪ್ರತಿಶತ ಹೆಚ್ಚುತ್ತದೆ, ಮೂರು ಮೀಟರಿಗೆ ಏಳೆಂಟು ಸೆಂ.ಮೀ. ತಪ್ಪು, ತಾಪಮಾನ ಅಳೆದು ತಿದ್ದಲೇಬೇಕು. ತೇಲುವ ಬಾಟಲಿ, ನೊರೆ, ಜೇಡರ ಬಲೆ ಎಲ್ಲ ಅಂಕಿ ಕೆಡಿಸುತ್ತವೆ. ಹದಿನೈದು ಸಲ ಓದಿ ನಡುವಿನದನ್ನು ತೆಗೆದುಕೊಳ್ಳುತ್ತೇನೆ, ಸರಾಸರಿ ಬೇಡ.

ಈ ಸೆನ್ಸರಿನ ದೊಡ್ಡ ಅಪಾಯ ಬೇರೆಯೇ. 20–25 ಸೆಂ.ಮೀ. ಒಳಗೆ ನೀರು ಬಂದರೆ ಅದಕ್ಕೆ ಕಣ್ಣು ಕಾಣದು. ಎರಡನೇ ಪ್ರತಿಧ್ವನಿ ಹಿಡಿದು ದೂರವನ್ನು ಇಮ್ಮಡಿ ಹೇಳುತ್ತದೆ, ಹಳ್ಳ ತುಂಬಿ ತುಳುಕುವಾಗ 'ಇಳಿಯುತ್ತಿದೆ' ಎನ್ನುತ್ತದೆ. ಹಿಂದಿನ ವರ್ಷ ಹೂಟರ್ ನಡುವೆಯೇ ನಿಂತುಹೋದದ್ದು ಇದರಿಂದ. ಈಗ ನೆರೆಯ ಅತಿ ಎತ್ತರದ ಗುರುತಿಗಿಂತ ಅರ್ಧ ಮೀಟರ್ ಮೇಲೆ ಕಟ್ಟಿದ್ದೇನೆ. ಜೊತೆಗೆ ನೀರಿನ ಟಾಕಿಗೆ ಹಾಕುವ ಫ್ಲೋಟ್ ಸ್ವಿಚ್ ಎರಡು, ನೇರ ತಂತಿಯಲ್ಲಿ ಹೂಟರಿಗೆ. ಪ್ರೋಗ್ರಾಂ ಹಾಳಾದರೂ ಅವು ಕೂಗಿಸುತ್ತವೆ.

ಸಿಡಿಲಿಗೆಂದು ಎಎಸ್3935 ಚಿಪ್ಪು ತಂದು ನೋಡಿದೆ, ಸುಮಾರು 1,800. ಲಿಫ್ಟ್ ಮೋಟಾರು ಶುರುವಾದಾಗಲೆಲ್ಲ 'ಹತ್ತು ಕಿ.ಮೀ. ದೂರದಲ್ಲಿ ಮಿಂಚು'. ಲಿಫ್ಟಿನಿಂದ ದೂರ ಒಯ್ದರೂ ಚಾರ್ಜರುಗಳ ಕಾಟ ತಪ್ಪಲಿಲ್ಲ. ಹಳೆಯ ರೇಡಿಯೋವನ್ನು ಮೀಡಿಯಂ ವೇವ್‌ನ ಕೆಳತುದಿಯಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಇಟ್ಟರೆ ಚಟಚಟ ಶಬ್ದ ಅದಕ್ಕಿಂತ ಚೆನ್ನಾಗಿ ಹೇಳುತ್ತದೆ: ನಿಮಿಷಕ್ಕೆ ನಾಲ್ಕೈದು ಇದ್ದದ್ದು ಇಪ್ಪತ್ತಾದರೆ ಮೋಡ ಬೆಳೆಯುತ್ತಿದೆ. ಇದನ್ನೇ ಎಣಿಸುವ ಸರ್ಕ್ಯೂಟ್ ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಎಲ್ಲಿ ಬಿತ್ತು ಎಂದು ನೋಡಲು ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಇದೆ, ಅದನ್ನು ಬಿಡಬೇಡಿ.

ಎಚ್ಚರಿಕೆಯ ಲೆಕ್ಕ ಹೀಗಿದೆ. ಮೇಲಿನ ಮಾಪಕದಲ್ಲಿ ಹತ್ತು ನಿಮಿಷಕ್ಕೆ 8 ಮಿ.ಮೀ. ಬಂದರೆ ವಾಚ್‌ಮನ್ ಕ್ಯಾಬಿನ್‌ನಲ್ಲಿ ಸಣ್ಣ ಬೀಪ್. ಅರ್ಧ ತಾಸಿಗೆ 20 ಮಿ.ಮೀ. ಅಥವಾ ಮೋರಿಯಲ್ಲಿ ಐದು ನಿಮಿಷಕ್ಕೆ 15 ಸೆಂ.ಮೀ. ಏರಿಕೆ ಆದರೆ ಹೂಟರ್, ಕಾರು ಮೇಲೆ. ಐದು ನಿಮಿಷಕ್ಕೆ 30 ಸೆಂ.ಮೀ. ಆದರೆ ಪ್ಯಾನಲ್ ಆಫ್, ಬೇಸ್‌ಮೆಂಟಿಗೆ ಯಾರೂ ಇಳಿಯಕೂಡದು, ಗಾಡಿ ಹೋದರೆ ಹೋಗಲಿ. ನೀರು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎನ್ನುವುದನ್ನೇ ನಾನು ಹಿಡಿದಿದ್ದೇನೆ. ಮೇ ತಿಂಗಳ ಮಿತಿಗಳು ಜುಲೈಗಿಂತ ಕಡಿಮೆ ಇರಬೇಕು: ಮೊದಲೆರಡು ಮಳೆ ವರ್ಷದ ಕಸವನ್ನೆಲ್ಲ ತಂದು ಮೋರಿಯ ಬಾಯಿಗೆ ತುರುಕುತ್ತವೆ, ಕಡಿಮೆ ನೀರಿಗೇ ಮಟ್ಟ ಏರುತ್ತದೆ. ಹಿಂದಿನ ದಿನಗಳ ಮಳೆಯನ್ನು ಈ ಮಿತಿಗಳಿಗೆ ಜೋಡಿಸುವ ಒಂದು ಗುಣಾಂಕ ಇದೆ. ಸುಳ್ಳು ಕೂಗು ಕಡಿಮೆ ಆದದ್ದು ಅದರಿಂದಲೇ. ಅದು ನಮ್ಮ ಹಳ್ಳಕ್ಕೆ ಎರಡು ವರ್ಷ ಕೂತು ಕಂಡುಕೊಂಡದ್ದು, ಇಲ್ಲಿ ಬರೆಯುವುದಿಲ್ಲ. ಆಂಟೆನಾದ ನೀರು ನಿರೋಧಕ ಜೋಡಣೆಯೂ ಹಾಗೆಯೇ ನನ್ನ ಹತ್ತಿರವೇ ಇರಲಿ.

ಖರ್ಚು: ಕೆಟ್ಟದ್ದು, ತಪ್ಪು ತಂದದ್ದು ಸೇರಿ ಒಂಬತ್ತು-ಹತ್ತು ಸಾವಿರ ಹಾಳು. ಈಗ ಓಡುತ್ತಿರುವ ಸೆಟ್ಟು ಏಳು ಸಾವಿರದ ಒಳಗೆ, ಅದರಲ್ಲಿ ಅರ್ಧ ಮಳೆಮಾಪಕದ್ದೇ. ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಸಾಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ತಂದ ಸಾಮಾನುಗಳಲ್ಲಿ ಇದುವರೆಗೆ ಒಂದೂ ಕೈಕೊಟ್ಟಿಲ್ಲ.

ಬೇಸ್‌ಮೆಂಟಿಗೆ ನೀರು ಮೊದಲು ನುಗ್ಗುವುದು ಇಳಿಜಾರಿನಿಂದ ಅಂದುಕೊಂಡಿದ್ದೆವು. ಅದು ಮಳೆನೀರಿನ ಪೈಪಿನಿಂದ ಹಿಮ್ಮುಖವಾಗಿ ಬರುತ್ತಿತ್ತು. ಹಳ್ಳಕ್ಕೆ ಬಿಡುವ ಆ ಪೈಪಿನ ತುದಿಗೆ ಒಂದೇ ಕಡೆ ತೆರೆಯುವ ಫ್ಲ್ಯಾಪ್ ವಾಲ್ವ್ ಹಾಕಿ, ಮರಳು ಚೀಲ ಅದರ ನಂತರ.

ಆಲಿಕೆಯ ಜಾಲರಿಯಲ್ಲಿ ಬೇವಿನ ಹೂವು, ಪಾರಿವಾಳದ ಪುಕ್ಕ ಕೂತು ತೂತು ಮುಚ್ಚುತ್ತದೆ. ಏಪ್ರಿಲ್‌ನಿಂದ ಹದಿನೈದು ದಿನಕ್ಕೊಮ್ಮೆ ಬೆಳಗಿನ ಹೊತ್ತೇ ಟೆರೇಸ್ ಹತ್ತಿ ಅದನ್ನು ತೆಗೆಯಿರಿ. ಗುಡುಗು ಕೇಳಿದ ಮೇಲೆ ಟೆರೇಸ್ ಹತ್ತಬಾರದು, ಕೊನೆಯ ಗುಡುಗಿನಿಂದ ಅರ್ಧ ತಾಸು ಕಳೆಯಬೇಕು. ಅಲ್ಲಿಯವರೆಗೆ ಮಾಪಕ ಕಟ್ಟಿಕೊಂಡಿದ್ದರೆ ಕಟ್ಟಿಕೊಂಡಿರಲಿ, ಫ್ಲೋಟ್ ಸ್ವಿಚ್ ಇದೆ.