ಮೊಡವೆ ಅಂತ ನಾನೇ ಹೇಳಿಬಿಟ್ಟಿದ್ದೆ

ಕ್ಯಾನ್ಸರ್ ಡೇ ಕೇರ್‌ನಲ್ಲಿ ಡ್ರಿಪ್ ಹಾಕುವ ನರ್ಸ್ ನಾನು. ದೊಡ್ಡಕರುಳಿನ ಕ್ಯಾನ್ಸರ್‌ಗೆ ಸೆಟುಕ್ಸಿಮ್ಯಾಬ್ ಅಥವಾ ಪ್ಯಾನಿಟುಮುಮ್ಯಾಬ್ ಅನ್ನೋ ಔಷಧಿ ಶುರುವಾಗುವವರಿಗೆ ಮೊದಲೆಲ್ಲ ಒಂದೇ ಮಾತು ಹೇಳುತ್ತಿದ್ದೆ. "ಮುಖದ ಮೇಲೆ ಮೊಡವೆ ಥರ ಬರುತ್ತೆ, ಹೆದರಬೇಡಿ." ಅಷ್ಟು ಹೇಳಿ ಕೈಯಲ್ಲಿ ನರ ಹುಡುಕೋಕೆ ಶುರು.

ಒಬ್ಬರು ಮೂರನೇ ಡೋಸ್‌ಗೆ ಬಂದಾಗ ಮುಖ ಕೆಂಪಗೆ ಸುಟ್ಟ ಹಾಗಿತ್ತು. ಮೂಗಿನ ಪಕ್ಕ ಸಿಪ್ಪೆ ಏಳುತ್ತಿತ್ತು, ಗದ್ದದಲ್ಲಿ ಬಿರುಕು ಬಿಟ್ಟು ನೀರು ಒಸರುತ್ತಿತ್ತು. ಗುಳ್ಳೆ ಕಂಡ ತಕ್ಷಣ ಬೆಂಜಾಯಿಲ್ ಪೆರಾಕ್ಸೈಡ್ ಇರೋ ಮೊಡವೆ ಕ್ರೀಮ್ ತಂದು ದಿನಕ್ಕೆರಡು ಸಲ ಹಚ್ಚಿದ್ದರಂತೆ. ಗಾಯದ ಮೇಲೆ ಬರೆ. "ಸಿಸ್ಟರ್, ನೀವೇ ಮೊಡವೆ ಅಂದಿರಲ್ಲ" ಅಂದರು. ಬೈದಿದ್ದರೂ ವಾಸಿ ಇತ್ತು.

ನೋಡೋಕೆ ಮೊಡವೆಯೇ, ಆದರೆ ಅದಲ್ಲ. ಈ ಔಷಧಿ ಕ್ಯಾನ್ಸರ್ ಕೋಶದ ಮೇಲಿರುವ ಇಜಿಎಫ್ಆರ್ ಅನ್ನೋ ಪ್ರೋಟೀನನ್ನು ತಡೆಯುತ್ತೆ. ಅದೇ ಪ್ರೋಟೀನು ಚರ್ಮದಲ್ಲಿ, ಕೂದಲ ಬುಡದಲ್ಲಿ, ಉಗುರಿನ ಸುತ್ತಲೂ ಇದೆ. ಅಲ್ಲೂ ತಡೆ ಬಿದ್ದರೆ ಚರ್ಮ ತೆಳ್ಳಗಾಗಿ, ಒಣಗಿ, ಉರಿ ಏಳುತ್ತೆ. ಒಂದೆರಡು ವಾರದಲ್ಲಿ ಮುಖ, ಎದೆ, ಬೆನ್ನಿನ ಮೇಲೆ ಗುಳ್ಳೆ. ಕೀವು ಕಂಡರೂ ಶುರುವಿನಲ್ಲಿ ಅದರಲ್ಲಿ ಸೋಂಕು ಇರಲ್ಲ, ಮೊಡವೆಯ ಕಪ್ಪು ಚುಕ್ಕೆಯೂ ಇರಲ್ಲ. ಚರ್ಮ ಒಣಗಿಸುವ ಮೊಡವೆ ಔಷಧಿ ಹಚ್ಚಿದರೆ ಇನ್ನೂ ಕೆಡುತ್ತೆ.

ಆಮೇಲೆ ಓದಿದ್ದು 2010ರಲ್ಲಿ ಪ್ರಕಟವಾದ ಸ್ಟೆಪ್ ಅನ್ನೋ ಅಧ್ಯಯನ. ಪ್ಯಾನಿಟುಮುಮ್ಯಾಬ್ ಪಡೆಯುವವರಲ್ಲಿ ಅರ್ಧ ಜನಕ್ಕೆ ಮೊದಲ ಡೋಸ್‌ನ ಹಿಂದಿನ ದಿನದಿಂದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಉರಿಯೂತ ತಗ್ಗಿಸುವ 1% ಹೈಡ್ರೋಕಾರ್ಟಿಸೋನ್ ಕ್ರೀಮ್, ಜೊತೆಗೆ ಉರಿಯೂತವನ್ನೂ ತಗ್ಗಿಸುವ ಆಂಟಿಬಯಾಟಿಕ್ ಆದ ಡಾಕ್ಸಿಸೈಕ್ಲಿನ್ ಮಾತ್ರೆ 100 ಮಿ.ಗ್ರಾಂ ದಿನಕ್ಕೆರಡು ಸಲ ಕೊಟ್ಟರು. ಉಳಿದವರಿಗೆ ಗುಳ್ಳೆ ಬಂದ ಮೇಲೆ ಚಿಕಿತ್ಸೆ. ಆರು ವಾರದಲ್ಲಿ ಎರಡನೇ ದರ್ಜೆ, ಅಂದರೆ ಮಧ್ಯಮ, ಅಥವಾ ಅದಕ್ಕಿಂತ ಜಾಸ್ತಿ ಚರ್ಮದ ತೊಂದರೆ ಮೊದಲಿನವರಲ್ಲಿ 29%, ಕಾದವರಲ್ಲಿ 62%. ಇದನ್ನು ನಮ್ಮ ಡಾಕ್ಟರ ಮುಂದಿಟ್ಟೆ. ಈಗ ಮೊದಲ ಡೋಸ್‌ಗೂ ಮುಂಚೆಯೇ ಅವರು ಚೀಟಿ ಬರೆಯುತ್ತಾರೆ, ಹಚ್ಚೋದು ಕಲಿಸುವುದು ನನ್ನ ಪಾಲು.

ನಿಜ ಹೇಳಬೇಕೆಂದರೆ ಕಷ್ಟ ಇರುವುದು ಅಲ್ಲೇ. "ಹಚ್ಚಿಕೊಳ್ತಿದೀರಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದಕ್ಕೆ ಟ್ಯೂಬನ್ನೇ ತರೋಕೆ ಹೇಳುತ್ತೇನೆ. ಮೂರು ವಾರವಾದರೂ ಟ್ಯೂಬ್ ಉಬ್ಬಿಕೊಂಡೇ ಇದ್ದರೆ ಗೊತ್ತಾಯ್ತಲ್ಲ! ಅಲ್ಲೇ ಕೂರಿಸಿ, ಅವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಕ್ರೀಮ್ ಹಿಂಡುತ್ತೇನೆ. ಅಷ್ಟು, ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ. ಮುಖ, ಕುತ್ತಿಗೆ ಸೇರಿ ಅಂಥ ಎರಡೂವರೆ ಬೇಕು. ಬಹಳ ಜನ ಬಟಾಣಿ ಕಾಳಿನಷ್ಟರಲ್ಲಿ ಮುಖವೆಲ್ಲ ಮುಗಿಸಿರುತ್ತಾರೆ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಒರೆಸುವಾಗ ಉಜ್ಜದೆ ಒತ್ತಿ, ಮೈ ಪೂರ್ತಿ ಆರೋ ಮುಂಚೆ ಮಾಯಿಶ್ಚರೈಸರ್. ಡಾಕ್ಸಿಸೈಕ್ಲಿನ್ ನುಂಗಿದರೆ ಒಂದು ತುಂಬಿದ ಲೋಟ ನೀರು, ಕೂಡಲೇ ಮಲಗಬಾರದು, ಅನ್ನನಾಳ ಸುಡುತ್ತೆ. ಆ ಮಾತ್ರೆಯಿಂದ ಬಿಸಿಲಿಗೆ ಚರ್ಮ ಇನ್ನೂ ಬೇಗ ಸುಡುವುದರಿಂದ ಸನ್‌ಸ್ಕ್ರೀನ್ ಬಿಡುವಂತಿಲ್ಲ.

"ಗುಳ್ಳೆ ಬಂದರೆ ಔಷಧಿ ಕೆಲಸ ಮಾಡ್ತಿದೆ ಅಂತಲ್ವಾ?" ಅಂತ ಕೇಳುವವರಿದ್ದಾರೆ. ಗುಳ್ಳೆ ಬಂದವರಲ್ಲಿ ಫಲ ಜಾಸ್ತಿ ಅನ್ನೋದು ಅಧ್ಯಯನಗಳಲ್ಲಿ ಕಂಡಿದ್ದು ಹೌದು. ಆದರೆ ಈ ಮಾತನ್ನು ಸಮಾಧಾನಕ್ಕೆ ಹೇಳೋದು ನಾನು ನಿಲ್ಲಿಸಿದೆ. ಒಬ್ಬರು ಗುಳ್ಳೆ ಹೋದರೆ ಔಷಧಿಯ ಶಕ್ತಿಯೂ ಹೋಗುತ್ತೆ ಅಂತ ಕ್ರೀಮನ್ನೇ ಬಿಟ್ಟಿದ್ದರು. ಪಕ್ಕದ ಬೆಡ್ಡಿನವರು ತಮ್ಮ ಮುಖ ಸ್ವಚ್ಛ ಇದೆಯಲ್ಲ ಅಂತ ಅಳುತ್ತಿದ್ದರು. ಚರ್ಮ ನೋಡಿಕೊಂಡರೆ ಔಷಧಿಯ ಕೆಲಸ ಕಡಿಮೆಯಾಗಲ್ಲ ಅಂತ ಮಾತ್ರ ಈಗ ಹೇಳುತ್ತೇನೆ. ಗುಳ್ಳೆ ದಿಢೀರನೆ ನೋಯತೊಡಗಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅದು ಸೋಂಕು ಇರಬಹುದು. ಮುಂದಿನ ಡೋಸ್‌ವರೆಗೆ ಕಾಯದೆ ಅವತ್ತೇ ಫೋನ್ ಮಾಡಬೇಕು.

ಮುಖ ತಿಳಿಯಾಗುವ ಹೊತ್ತಿಗೆ, ಸುಮಾರು ಎರಡು ತಿಂಗಳಿಗೆ, ಉಗುರುಸುತ್ತಿನ ಸರದಿ. ಇದನ್ನು ಯಾರೂ ತಾವಾಗಿ ಹೇಳಲ್ಲ. ಒಬ್ಬ ಹೆಂಗಸು ರವಿಕೆಯ ಹುಕ್ಕು ಹಾಕೋಕೆ ಮಗಳನ್ನು ಕರೆಯುತ್ತಿದ್ದರು, ಸುಸ್ತು ಅಂದುಕೊಂಡಿದ್ದೆ. ಅಂಗೈ ತಿರುಗಿಸಿ ನೋಡಿದರೆ ಎರಡೂ ಹೆಬ್ಬೆರಳ ತುದಿ ಸೀಳಿತ್ತು, ಉಗುರಿನ ಪಕ್ಕದ ಮಾಂಸ ಕೆಂಪಗೆ ಉಬ್ಬಿ ಮುಟ್ಟಿದರೆ ರಕ್ತ. ಅಂದಿನಿಂದ ಬಿಪಿ ನೋಡುವ ಮೊದಲೇ ಕೈ ನೋಡುತ್ತೇನೆ. ಸಾಕ್ಸ್ ಕೂಡ ಬಿಚ್ಚಿಸುತ್ತೇನೆ, ಕಾಲಿನ ಹೆಬ್ಬೆರಳಲ್ಲೂ ಬರುತ್ತೆ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೆತ್ತಬೇಡಿ, ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ, ಬಿಗಿ ಶೂ ಬಿಡಿ ಅಂತೀನಿ.

ಕಣ್ಣಿನ ರೆಪ್ಪೆಕೂದಲು ಉದ್ದ ಬೆಳೆಯೋದೂ ಇದೆ. ಮೊದಮೊದಲು ನಗು ಬರುತ್ತೆ. ಒಳಗೆ ಮಡಚಿ ಚುಚ್ಚಿದರೆ, ಕಣ್ಣು ಕೆಂಪಾದರೆ ಸುಮ್ನೆ ಕೀಳೋಕೆ ಹೋಗದೆ ಕಣ್ಣಿನ ಡಾಕ್ಟರಿಗೆ ತೋರಿಸಿ.