ಕಲ್ಲಿನ ಮನೆ, ಮನೆಯ ಮಾಡು: ಫಿನ್ನೊ-ಉಗ್ರಿಕ್ ನಾಮಪದಗಳ ನಂಟು ಬಿಡಿಸಿದ ನನ್ನ ಅನುಭವ

ಫಿನ್ನಿಶ್, ಹಂಗೇರಿಯನ್, ಉದ್ಮುರ್ತ್ ಇವು ಫಿನ್ನೊ-ಉಗ್ರಿಕ್ ಎಂಬ ಒಂದೇ ಭಾಷಾಕುಟುಂಬದವು. ಇವುಗಳಲ್ಲಿ ಫಿನ್ನಿಶ್ ಭಾಷೆಯ ಹದಿನೈದು ವಿಭಕ್ತಿಗಳ ಪಟ್ಟಿ ಕಂಡು ಹಲವರು ಅಂಜುತ್ತಾರೆ. ಪ್ರತ್ಯಯ ಹಚ್ಚಿಯೇ ಮಾತು ಕಲಿತ ಕನ್ನಡಿಗರಿಗೆ ಅದು ದೊಡ್ಡ ತೊಡಕಲ್ಲ. ನಾನು ಹೆಚ್ಚು ಹೊತ್ತು ಕುಳಿತು ಬಿಡಿಸಿಕೊಂಡದ್ದು ಒಂದು ನಾಮಪದ ಇನ್ನೊಂದಕ್ಕೆ ವಿಶೇಷಣವಾಗುವ ಬಗೆಯನ್ನು.

ನಾವು 'ಕಲ್ಲಿನ ಮನೆ' ಎನ್ನುತ್ತೇವೆ, 'ಅಪ್ಪನ ಮನೆ' ಎಂದೂ ಎನ್ನುತ್ತೇವೆ. ಕಲ್ಲು ಮನೆಯ ಬಗೆಯನ್ನು ಹೇಳುತ್ತದೆ, ಅಪ್ಪ ಅದರ ಒಡೆಯ. ಆದರೂ ಎರಡಕ್ಕೂ ಷಷ್ಠಿಯೇ. ಫಿನ್ನಿಶ್ ಇವನ್ನು ಬೇರೆ ಮಾಡುತ್ತದೆ. 'ಕಿವಿ' (ಅಲ್ಲಿ ಅದು ಕಲ್ಲು) ಯಾವ ಪ್ರತ್ಯಯವೂ ಇಲ್ಲದೆ 'ತಲೊ' ಎಂಬ ಮನೆಗೆ ಅಂಟಿ 'ಕಿವಿತಲೊ' ಆಗುತ್ತದೆ. ಮನೆಯ ಮಾಡು (ಛಾವಣಿ) ಎನ್ನಲು ಮಾತ್ರ 'ನ್' ಬೇಕು: 'ತಲೊನ್ ಕತ್ತೊ'. ಹಾಗಾಗಿ ಪ್ರತಿ ಜೋಡಿಯನ್ನೂ ಬಗೆಯೋ ಒಡೆತನವೋ ಎಂದು ಕೇಳಿಯೇ ಬರೆದುಕೊಳ್ಳುತ್ತಾ ಹೋದೆ.

ಆದರೆ 'ನ್' ಕಂಡಲ್ಲೆಲ್ಲ ಒಡೆತನವಿರುವುದಿಲ್ಲ. 'ಇಸ್ಯಾನ್ ಮಾ' ಎಂದು ಬಿಡಿಸಿ ಬರೆದರೆ ಅಪ್ಪನ ಜಮೀನು. 'ಇಸ್ಯಾನ್‌ಮಾ' ಎಂದು ಕೂಡಿಸಿದರೆ ತಾಯ್ನಾಡು. ಇಲ್ಲಿ ನನಗೆ ನೆರವಾದದ್ದು ಒಂದು ಸರಳ ಪರೀಕ್ಷೆ: ನಡುವೆ ಗುಣವಾಚಕವೊಂದನ್ನು ತೂರಿಸಿ ನೋಡುವುದು. 'ಹಳೆಯ' ಎಂಬ ಅರ್ಥದ 'ವನ್ಹ' ಸೇರಿಸಿ 'ಇಸ್ಯಾನ್ ವನ್ಹ ಮಾ' ಎಂದರೆ ಅಪ್ಪನ ಹಳೆಯ ಜಮೀನು ಮಾತ್ರ. ತಾಯ್ನಾಡಿನ ಅರ್ಥ ಅಳಿದುಹೋಗುತ್ತದೆ. ಸಮಾಸ ತನ್ನೊಳಗೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ನಮ್ಮ 'ಹೂಮಾಲೆ'ಯನ್ನು 'ಹೂ ದೊಡ್ಡ ಮಾಲೆ' ಎನ್ನಲಾಗದು, 'ಅಪ್ಪನ ದೊಡ್ಡ ಮನೆ' ಎನ್ನಬಹುದು. ಕನ್ನಡದಲ್ಲಿ ಇದನ್ನು ಮೊದಲು ಮಾಡಿ ನೋಡಿದವರಿಗೆ ಫಿನ್ನಿಶ್ ಬೇಗ ತಿಳಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಹಂಗೇರಿಯನ್‌ನಲ್ಲಿ ಕಲ್ಲುಮನೆ 'ಕೋಹಾಜ್'. ಅಲ್ಲೂ ಮೊದಲ ಪದ ಬರಿದೇ. ಒಡೆತನ ಬಂದಾಗ ಗುರುತು ಬೀಳುವುದು ಒಡೆಯನ ಮೇಲಲ್ಲ, ಅವನಿಗೆ ಸೇರಿದ ವಸ್ತುವಿನ ಮೇಲೆ: 'ಅ ಹಾಜ್ ತೆತೆಯೆ', ಪದಶಃ 'ಮನೆ ಅದರ-ಮಾಡು'. ಒತ್ತಿ ಹೇಳಬೇಕಾದರೆ ಮನೆಗೆ ಚತುರ್ಥಿಯ 'ನಕ್' ಸೇರುತ್ತದೆ.

ವೋಲ್ಗಾ ಮತ್ತು ಉರಲ್ ಪರ್ವತಗಳ ನಡುವಿನ ಉದ್ಮುರ್ತ್ ಭಾಷೆಯೇ ನನಗೆ ಎಲ್ಲಕ್ಕಿಂತ ಪ್ರಿಯ. ಮರದ ಮನೆ 'ಪು ಕೊರ್ಕಾ'. ಬಗೆ ಹೇಳುವ 'ಪು' ಇಲ್ಲೂ ಬರಿದೇ. ತಾಯಿಯ ಪುಸ್ತಕ ಎನ್ನಲು ಮಾತ್ರ ಎರಡೂ ಕಡೆ ಗುರುತು ಬೇಕು: 'ಅನಾಯ್‌ಲೆನ್ ಕ್ನಿಗಾಯೆಜ್'. ಆ ಪುಸ್ತಕ ವಾಕ್ಯದಲ್ಲಿ ಕರ್ಮವಾದರೆ ತಾಯಿಯ ವಿಭಕ್ತಿಯೇ ಬದಲಾಗುತ್ತದೆ. ಷಷ್ಠಿಯ 'ಲೆನ್' ಹೋಗಿ ಪಂಚಮಿಯ 'ಲೆಸ್ಯ್' ಬರುತ್ತದೆ. ಆದ್ದರಿಂದ ಉದ್ಮುರ್ತ್ ವಾಕ್ಯ ಓದುವಾಗ ಒಡೆಯನ ಪ್ರತ್ಯಯವನ್ನೇ ಮೊದಲು ನೋಡುತ್ತೇನೆ. ಕರ್ಮ ಬರಲಿದೆ ಎಂಬ ಸುಳಿವು ಅಲ್ಲೇ ಸಿಗುತ್ತದೆ.