ಡೆಬಿಯನ್ 12ರಲ್ಲಿ ಹೊಸ ಲಿಬ್ರೆಆಫೀಸ್ ಹಾಕಿದ್ದು ಹೀಗೆ

ಬಾಗಲಕೋಟೆ ನವನಗರದಲ್ಲಿ ನಮ್ಮದು ಡಿಟಿಪಿ ಅಂಗಡಿ. ಕಂಪ್ಯೂಟರಿನಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ (ಇದರ ಅಡ್ಡಹೆಸರು 'ಬುಕ್‌ವರ್ಮ್'), ಅದರ ಜೊತೆಗೇ ಬಂದ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ 7.4. ಗಿರಾಕಿಯೊಬ್ಬರ ವರ್ಡ್ ಫೈಲಿನಲ್ಲಿದ್ದ ಉದ್ದನೆಯ ಟೇಬಲ್ ಪುಟದ ಕೊನೆಗೆ ಕತ್ತರಿಸಿ ಹೋಗುತ್ತಿತ್ತು. 40 ಹೆಸರಿನ ಪಟ್ಟಿ, 31ರ ನಂತರ ಏನೂ ಇಲ್ಲ! ಇಂಥ ತೇಲುವ ಟೇಬಲ್ (ಸುತ್ತ ಪಠ್ಯ ಹರಿಯುವಂತೆ ಇಟ್ಟದ್ದು) ಮುಂದಿನ ಪುಟಕ್ಕೆ ಹರಿಯುವ ಸೌಲಭ್ಯ ಬಂದದ್ದೇ 7.6ರಲ್ಲಿ.

ಮೊದಲು ಸೋರ್ಸಸ್ ಲಿಸ್ಟಿಗೆ (ತಂತ್ರಾಂಶ ಎಲ್ಲಿಂದ ತರಬೇಕು ಎಂಬ ಪಟ್ಟಿಯ ಫೈಲ್) ಡೆಬಿಯನ್‌ನ ಇನ್ನೂ ತಯಾರಾಗುತ್ತಿರುವ ಆವೃತ್ತಿ 'ಸಿಡ್' ಸೇರಿಸಿದೆ. ತಂತ್ರಾಂಶ ಹಾಕುವ ಕಮಾಂಡ್ 'ಆಪ್ಟ್' ಅರ್ಧ ಸಿಸ್ಟಮನ್ನೇ ಬದಲಿಸಲು ಹೊರಟಿತು. ಬೇಡ ಅಂತ 'ಎನ್' ಒತ್ತಿ, ಆ ಸಾಲು ಅಳಿಸಿದೆ. ಸಿಡ್‌ನ ಡೆಬ್ ಫೈಲ್ (ಇನ್‌ಸ್ಟಾಲ್ ಫೈಲ್) ಇಳಿಸಿ ಹಾಕಿದರೆ, ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್ ಇಲ್ಲ ಎಂಬ ಡಿಪೆಂಡೆನ್ಸಿ ಎರರ್.

ಸರಿಹೋದದ್ದು ಬ್ಯಾಕ್‌ಪೋರ್ಟ್ಸ್‌ನಿಂದ, ಅಂದರೆ ಹೊಸ ತಂತ್ರಾಂಶವನ್ನು ಹಳೆ ಡೆಬಿಯನ್‌ಗೆ ಹೊಂದುವಂತೆ ಮಾಡಿ ಇಡುವ ಭಂಡಾರದಿಂದ. ಸೋರ್ಸಸ್ ಲಿಸ್ಟಿನಲ್ಲಿ 'ಬುಕ್‌ವರ್ಮ್ ಮೇನ್' ಇರುವ ಸಾಲನ್ನು ಕೆಳಗೆ ಇನ್ನೊಮ್ಮೆ ಬರೆದು, 'ಬುಕ್‌ವರ್ಮ್' ಬದಲು 'ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್' ಹಾಕಿ. ಮೊದಲಿನ ಸಾಲು ಹಾಗೇ ಇರಲಿ. ನಂತರ 'ಸುಡೊ ಆಪ್ಟ್ ಅಪ್‌ಡೇಟ್'.

ಇಲ್ಲೇ ನಾನು ಎರಡು ದಿನ ಸಿಕ್ಕಿಬಿದ್ದೆ. ಸುಮ್ನೆ 'ಆಪ್ಟ್ ಇನ್‌ಸ್ಟಾಲ್' ಅಂದರೆ ಹಳೆಯದೇ ಉಳಿಯುತ್ತದೆ. 'ಆಪ್ಟ್ ಪಾಲಿಸಿ ಲಿಬ್ರೆಆಫೀಸ್' ಕೊಟ್ಟಾಗ ಕಾರಣ ಕಾಣಿಸಿತು: ಬುಕ್‌ವರ್ಮ್‌ನ ಮೂಲ ಭಂಡಾರಕ್ಕೆ ಆದ್ಯತೆ 500, ಬ್ಯಾಕ್‌ಪೋರ್ಟ್ಸ್‌ಗೆ ಬರೀ 100. ಆದ್ದರಿಂದ ಎಲ್ಲಿಂದ ಬೇಕು ಅಂತ ನಾವೇ ಹೇಳಬೇಕು:

ಸುಡೊ ಆಪ್ಟ್ ಇನ್‌ಸ್ಟಾಲ್ -ಟಿ ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಲಿಬ್ರೆಆಫೀಸ್

ಆ '-ಟಿ' ಮರೆಯಬೇಡಿ. ಲಿಬ್ರೆಆಫೀಸ್ ಮತ್ತು ಅದರ ಜೊತೆ ಬಂದ ಪ್ಯಾಕೇಜುಗಳು ಮಾತ್ರ ಬ್ಯಾಕ್‌ಪೋರ್ಟ್ಸ್‌ನಿಂದ ಬರುತ್ತವೆ, ಉಳಿದದ್ದೆಲ್ಲ ಮೂಲ ಬುಕ್‌ವರ್ಮ್‌ನಲ್ಲೇ ಇರುತ್ತದೆ.